ಎನ್ ಮೈನಸ್ ಒನ್ ಯಾಕೆ ಸರ್?

ದೀಪಾವಳಿಗೆ ಮುಂಚೆ ಒಂದು ಸಂಜೆ, ಬಿ.ಎಸ್ಸಿ ಮೊದಲ ವರ್ಷದ ಹುಡುಗಿಯೊಬ್ಬಳು ನೋಟ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಜಗಳೂರು ಕಡೆಯವಳು. ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಸ್ಟ್ಯಾಂಡರ್ಡ್ ಡಿವಿಯೇಶನ್ ಲೆಕ್ಕವನ್ನು ಪಟಪಟ ಮಾಡಿ ತೋರಿಸಿದಳು. ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳುವ ಲೆಕ್ಕ ಅದು: ಸರಾಸರಿಯಿಂದ ಇರುವ ಒಂದೊಂದು ವ್ಯತ್ಯಾಸದ ವರ್ಗ ಮಾಡಿ, ಕೂಡಿ, ಭಾಗಿಸಿ, ವರ್ಗಮೂಲ ತೆಗೆಯುವುದು. ಒಂದೂ ತಪ್ಪಿಲ್ಲ. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು: "ಐದು ಸಂಖ್ಯೆ ಇದ್ರೂ ನಾಲ್ಕರಿಂದ ಭಾಗಿಸ್ತೀವಲ್ಲ ಸರ್. ಎನ್ ಮೈನಸ್ ಒನ್ ಯಾಕೆ?"

ಕ್ಲಾಸಲ್ಲಿ ಕೇಳಿದ್ದಳಂತೆ. ಸೂತ್ರ ಇರುವುದೇ ಹಾಗೆ, ಪರೀಕ್ಷೆಗೆ ಅಷ್ಟು ಸಾಕು ಅಂತ ಉತ್ತರ ಬಂತಂತೆ.

ಇಪ್ಪತ್ತು ವರ್ಷದ ಹಿಂದೆ ಇದೇ ಊರಲ್ಲಿ ನಾನು ಸಂಖ್ಯಾಶಾಸ್ತ್ರ ಓದುವಾಗಲೂ ಇದೇ ಉತ್ತರ ಸಿಕ್ಕಿತ್ತು. ಪಾಠ ಮಾಡುವವರನ್ನು ದೂರಿ ಪ್ರಯೋಜನ ಇಲ್ಲ. ಸೆಮಿಸ್ಟರ್ ಅಂದರೆ ಸಿಲಬಸ್ ಮುಗಿಸುವ ಓಟ. ಆದರೆ ಇಪ್ಪತ್ತು ವರ್ಷ ಆದರೂ ನಮ್ಮ ಮಕ್ಕಳು ಮೀನ್, ಮೀಡಿಯನ್, ಟಿ ಟೆಸ್ಟ್, ಕೈ ಸ್ಕ್ವೇರ್ ಎಲ್ಲವನ್ನೂ ಕ್ಯಾಲ್ಕುಲೇಟರ್ ಒತ್ತುವ ಕೆಲಸ ಅಂತಲೇ ಕಲಿಯುತ್ತಿದ್ದಾರಲ್ಲ, ಅದು ನನಗೆ ನಿಜವಾಗಿ ಸಂಕಟ ಕೊಡುತ್ತದೆ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಯಾವುದೋ ಕಾರ್ಖಾನೆಯ ಕೂಲಿ, ಯಾವುದೋ ದೇಶದ ಬಲ್ಬಿನ ಆಯುಸ್ಸು. ಆ ಸಂಖ್ಯೆ ಎಲ್ಲಿಂದ ಬಂತು, ಯಾರು ಅಳೆದರು, ಹೇಗೆ ಅಳೆದರು ಅಂತ ಒಬ್ಬರೂ ಕೇಳುವುದಿಲ್ಲ. ಕೇಳುವುದಕ್ಕೆ ಅಲ್ಲಿ ಏನೂ ಇರುವುದೂ ಇಲ್ಲ.

ಹಬ್ಬಕ್ಕೆ ಊರಿಗೆ ಹೊರಟವಳಿಗೆ ಒಂದು ಕೆಲಸ ಹೇಳಿದೆ. ಅವರದು ಎರಡು ಕಡೆ ಹೊಲ. ಒಂದು ಬೋರ್‌ವೆಲ್ ಪಕ್ಕದ್ದು, ಇನ್ನೊಂದು ಗುಡ್ಡದ ಕಡೆಯದು. ಎರಡರಲ್ಲೂ ಮೆಕ್ಕೆಜೋಳ. ಒಂದೊಂದು ಹೊಲದಿಂದ ಐದೈದು ತೆನೆ ತಾ, ಚೆನ್ನಾಗಿರೋದನ್ನೇ ಆರಿಸಬೇಡ, ಎಲ್ಲಿ ಮುರಿಯಬೇಕು ಅಂತ ಮೊದಲೇ ಚೀಟಿ ಎತ್ತಿ ಗೊತ್ತು ಮಾಡಿಕೋ ಅಂದೆ. ಹಬ್ಬ ಮುಗಿಸಿ ಬರುವಾಗ ಎರಡು ಕೈಚೀಲ ತಂದಳು. ನಮ್ಮ ಅಡುಗೆಮನೆಯ ತಕ್ಕಡಿ ತಂದಿಟ್ಟು, ವರಾಂಡದಲ್ಲಿ ಕೂತು ಒಂದೊಂದೇ ತೆನೆ ಬಿಡಿಸಿ ಕಾಳು ತೂಗಿದೆವು.

ಬೋರ್ ಪಕ್ಕದ ಹೊಲದ್ದು: 149, 142, 156, 147, 161 ಗ್ರಾಂ. ಗುಡ್ಡದ ಹೊಲದ್ದು: 183, 92, 150, 207, 118.

ಸರಾಸರಿ ತೆಗೆದಳು. ಮೊದಲನೆಯದು 151, ಎರಡನೆಯದು 150. ಮುಖ ಸಪ್ಪಗಾಯಿತು. "ಎರಡೂ ಒಂದೇ ಆಯ್ತಲ್ಲ ಸರ್?"

ಒಂದೇನಾ? ನಿಮ್ಮ ಅಪ್ಪನನ್ನು ಕೇಳು ಅಂದೆ. ಅಲ್ಲೇ ಫೋನ್ ಮಾಡಿದಳು. ಗುಡ್ಡದ ಹೊಲದಲ್ಲಿ ಮೇಲ್ಭಾಗ ಬರೀ ಕಲ್ಲು, ಮಣ್ಣೆಲ್ಲ ಮಳೆಗೆ ಕೊಚ್ಚಿ ಕೆಳಗೆ ಬಂದು ಕೂತಿದೆ, ಕೆಳಗಿನ ತೆನೆ ಮೊಳಕೈ ಉದ್ದ, ಮೇಲಿನದು ಬೆರಳುದ್ದ ಅಂತ ಅವರು ಹೇಳಿದರು. ಸ್ಪೀಕರ್ ಹಾಕಿದ್ದಳು, ನಾನೂ ಕೇಳಿಸಿಕೊಂಡೆ. ಆಮೇಲೆ ಸ್ಟ್ಯಾಂಡರ್ಡ್ ಡಿವಿಯೇಶನ್ ತೆಗೆದಳು. ಬೋರ್ ಪಕ್ಕದ್ದು ಏಳೂವರೆ ಗ್ರಾಂ. ಗುಡ್ಡದ್ದು ಸುಮಾರು 47 ಗ್ರಾಂ. ಅಪ್ಪ ಫೋನಿನಲ್ಲಿ ಹೇಳಿದ ಕಲ್ಲು, ಮಣ್ಣು, ಮಳೆ ಎಲ್ಲವೂ ಆ 47ರಲ್ಲಿ ಕೂತಿತ್ತು. ಅವಳು ಆ ಸಂಖ್ಯೆಯನ್ನು ಎಷ್ಟೋ ಹೊತ್ತು ನೋಡುತ್ತಲೇ ಇದ್ದಳು.

ಇಲ್ಲಿ ಇನ್ನೊಂದು ಮಾತು. ಎರಡು ಸರಾಸರಿಗಳ ನಡುವಿನ ವ್ಯತ್ಯಾಸ ನಿಜವಾದದ್ದೋ ಆಕಸ್ಮಿಕವೋ ಅಂತ ನೋಡುವುದು ಟಿ ಟೆಸ್ಟ್. ಈ ಎರಡು ಸಾಲಿಗೆ ಅದನ್ನು ಹಾಕಿದರೆ ಟಿ ಬೆಲೆ 0.05ರ ಆಸುಪಾಸು, ಅಂದರೆ ಸೊನ್ನೆಗೆ ತೀರಾ ಹತ್ತಿರ ಬರುತ್ತದೆ. ಪರೀಕ್ಷೆಯಲ್ಲಾದರೆ "ವ್ಯತ್ಯಾಸ ಇಲ್ಲ" ಅಂತ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಸರಾಸರಿಯಲ್ಲಿ ವ್ಯತ್ಯಾಸ ಕಂಡಿಲ್ಲ ಅನ್ನುವುದು ಬೇರೆ, ಹೊಲಗಳಲ್ಲಿ ವ್ಯತ್ಯಾಸ ಇಲ್ಲ ಅನ್ನುವುದು ಬೇರೆ. ತೆನೆಯನ್ನು ಕೈಯಲ್ಲಿ ಹಿಡಿದವರು ಈ ತಪ್ಪು ಮಾಡುವುದಿಲ್ಲ.

ಅಂದ ಹಾಗೆ ಈ ಟಿ ಟೆಸ್ಟ್ ಹುಟ್ಟಿದ್ದೂ ಕಾಳಿನ ಸಹವಾಸದಲ್ಲೇ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ವಿಲಿಯಂ ಗಾಸೆಟ್ ಅನ್ನುವವರು ಕೆಲಸ ಮಾಡುತ್ತಿದ್ದರು. ಬಾರ್ಲಿಯ ಗುಣ ನೋಡಬೇಕು, ಆದರೆ ಕೈಗೆ ಸಿಗುವುದು ನಾಲ್ಕೈದು ಸ್ಯಾಂಪಲ್ ಮಾತ್ರ. ಅಷ್ಟು ಕಡಿಮೆ ಸಂಖ್ಯೆ ಇಟ್ಟುಕೊಂಡು ಎಷ್ಟು ಧೈರ್ಯವಾಗಿ ಮಾತಾಡಬಹುದು ಅನ್ನುವುದು ಅವರ ಪ್ರಶ್ನೆ. 1908ರಲ್ಲಿ "ಸ್ಟೂಡೆಂಟ್" ಅನ್ನುವ ಹೆಸರಿಟ್ಟುಕೊಂಡು ಉತ್ತರ ಪ್ರಕಟಿಸಿದರು. ಸ್ಟೂಡೆಂಟ್ಸ್ ಟಿ ಅಂದರೆ ವಿದ್ಯಾರ್ಥಿಗಳಿಗಾಗಿ ಮಾಡಿದ ಸುಲಭದ ಟಿ ಅಂತ ನಾನು ಡಿಗ್ರಿ ಮುಗಿಯುವವರೆಗೂ ಅಂದುಕೊಂಡಿದ್ದೆ. ನಮ್ಮ ಕ್ಲಾಸಿನ ಎಷ್ಟೋ ಜನ ಹಾಗೇ ಅಂದುಕೊಂಡಿದ್ದರು.

ಇದೆಲ್ಲ ಬರೀ ಓದಿನ ಮಾತಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಮ್ಮ ಕಡೆಯ ರೈತರ ದುಡ್ಡು ಈ ಲೆಕ್ಕದ ಮೇಲೇ ನಿಂತಿದೆ. 2016ರ ಮುಂಗಾರಿನಿಂದ ಬಂದ ಫಸಲ್ ಬಿಮಾ ಯೋಜನೆ, ಅಂದರೆ ಬೆಳೆ ವಿಮೆ ನೋಡಿ. ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯನ್ನು ಒಂದು ಘಟಕ ಅಂತ ಹಿಡಿಯುತ್ತಾರೆ. ಅಲ್ಲಿ ಕನಿಷ್ಠ 4 ಬೆಳೆ ಕಟಾವು ಪ್ರಯೋಗ ಆಗಬೇಕು. ಯಾವ ಸರ್ವೆ ನಂಬರ್ ಅನ್ನುವುದನ್ನು ರ್‍ಯಾಂಡಮ್ ಸಂಖ್ಯೆಯಿಂದ ಆರಿಸುತ್ತಾರೆ. ಹೊಲದ ನೈಋತ್ಯ ಮೂಲೆಯಿಂದ ಹೆಜ್ಜೆ ಎಣಿಸಿಕೊಂಡು ಹೋಗಿ, ಹೆಚ್ಚಿನ ಬೆಳೆಗಳಿಗೆ 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡು ಗುರುತು ಮಾಡಿ, ಅದರ ಫಸಲು ಕೊಯ್ದು ತೂಗುತ್ತಾರೆ. ಒಂದು ಎಕರೆಯಲ್ಲಿ ಅಂಥ ತುಂಡು ಸುಮಾರು 160 ಇರುತ್ತವೆ. ಇಡೀ ಪಂಚಾಯಿತಿಯ ಇಳುವರಿ ಇಷ್ಟು ಅಂತ ನಿರ್ಧಾರ ಆಗುವುದು ಇಂಥ ಕೆಲವೇ ತುಂಡುಗಳಿಂದ. ಅದನ್ನು ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಸರಾಸರಿಯ ಜೊತೆ ಹೋಲಿಸುತ್ತಾರೆ. ಆ ಸರಾಸರಿಯ ಇಂತಿಷ್ಟು ಶೇಕಡಾ ಅಂತ ಒಂದು ಗೆರೆ ಇರುತ್ತದೆ. ಪಂಚಾಯಿತಿಯ ಇಳುವರಿ ಆ ಗೆರೆಗಿಂತ ಕೆಳಗೆ ಬಂದರೆ ಪರಿಹಾರ.

ನಮ್ಮ ಚಿಕ್ಕಪ್ಪನ ಮೆಕ್ಕೆಜೋಳ ಒಂದು ವರ್ಷ ಪೂರ್ತಿ ಒಣಗಿತು. ಊರಲ್ಲಿ ಉಳಿದವರದು ಅಷ್ಟು ಹಾಳಾಗಿರಲಿಲ್ಲ. ಪರಿಹಾರ ಬರಲಿಲ್ಲ. ಯಾರೋ ಮೋಸ ಮಾಡಿದರು ಅಂತಲೇ ಅವರು ಇವತ್ತಿಗೂ ನಂಬಿದ್ದಾರೆ. ವಿಮೆ ನೋಡುವುದು ಪಂಚಾಯಿತಿಯ ಸರಾಸರಿಯನ್ನು, ನಿನ್ನ ಹೊಲವನ್ನಲ್ಲ ಅಂತ ಅವರಿಗೆ ಬಿಡಿಸಿ ಹೇಳುವವರು ಆಗ ಒಬ್ಬರೂ ಇರಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಡಿಗ್ರಿ ಇದ್ದ ನಾನು ಮನೆಯಲ್ಲೇ ಇದ್ದೆ. ನನಗೂ ಹೇಳಲು ಬರಲಿಲ್ಲ. ಅವರ ಊರಿನ ಹೊಲಗಳೆಲ್ಲ ಬೋರ್ ಪಕ್ಕದ ಹೊಲದ ಹಾಗೆ ಒಂದೇ ಸಮ ಇದ್ದರೆ ನಾಲ್ಕು ತುಂಡು ಸಾಕಾಗುತ್ತದೆ. ಗುಡ್ಡದ ಹೊಲದ ಹಾಗಿದ್ದರೆ ನಾಲ್ಕು ಸಾಲುವುದಿಲ್ಲ. ಎಷ್ಟು ಬೇಕು ಅನ್ನುವುದನ್ನು ಹೇಳುವುದು ಆ ಸ್ಟ್ಯಾಂಡರ್ಡ್ ಡಿವಿಯೇಶನ್. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದಾದ ಪ್ರಶ್ನೆ ಇದು. ನಮ್ಮ ಹುಡುಗರ ಕೈಯಲ್ಲಿ ಅದಕ್ಕೆ ಬೇಕಾದ ಸೂತ್ರ ಇದೆ, ಎಲ್ಲಿ ಬಳಸಬೇಕು ಅಂತ ಮಾತ್ರ ಯಾರೂ ಹೇಳಿಲ್ಲ.

ಪಕ್ಕದ ಹಿರಿಯೂರಿಗೆ ಹೋಗೋಣ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಇನ್ನು ನಮ್ಮ ಕಾಲಕ್ಕೆ ನೋಡಲ್ಲ ಅಂತ ಜನ ಸಂಸಾರ ಸಮೇತ ಹೋಗಿ ನೋಡಿ ಬಂದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು! 89 ವರ್ಷಕ್ಕೊಮ್ಮೆ ಅನ್ನುವ ಲೆಕ್ಕ ಕೆಟ್ಟದ್ದು ಯಾಕೆ? ಈಗ ಆ ಡ್ಯಾಮಿಗೆ ವೇದಾವತಿಯ ನೀರಿನ ಜೊತೆ ಭದ್ರೆಯ ನೀರೂ ಬರುತ್ತಿದೆ. ಸಂಖ್ಯೆಯ ಹಿಂದಿನ ಕಾರಣ ಬದಲಾದರೆ ಹಳೇ ಸಂಖ್ಯೆಯಿಂದ ಮುಂದಿನದನ್ನು ಹೇಳುವ ಹಾಗಿಲ್ಲ. ಇದನ್ನು ಕ್ಲಾಸಲ್ಲಿ ಹೇಳಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷ. ಚಿತ್ರದುರ್ಗದ ಹುಡುಗರು ಜನ್ಮದಲ್ಲಿ ಮರೆಯುವುದಿಲ್ಲ.

ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಹೆಸರಿನ ಅಸಮತೆಯನ್ನು (ಒಂದು ಅಂದಾಜು ಹೆಚ್ಚೆಂದರೆ ಎಷ್ಟು ನಿಖರವಾಗಿರಬಹುದು ಅಂತ ಹೇಳುವ ಸೂತ್ರ) ಬೋರ್ಡಿನ ಮೇಲೆ ಬರೆಸಿಕೊಂಡವರು ನಮ್ಮಲ್ಲಿ ಸಾವಿರಾರು ಜನ. ಕ್ರೇಮರ್-ರಾವ್ ಅಂದ ಕೂಡಲೇ ಯಾವುದೋ ದೂರದ ದೇಶದ ವಿಷಯ ಅನಿಸುತ್ತದೆ. ಆ ರಾವ್ ಹುಟ್ಟಿದ್ದು 1920ರಲ್ಲಿ ಹಡಗಲಿಯಲ್ಲಿ. ಇಲ್ಲಿಂದ ಹರಿಹರ, ಹರಪನಹಳ್ಳಿ ದಾಟಿದರೆ ಸಿಗುವ ಅದೇ ಹೂವಿನ ಹಡಗಲಿ. ಆ ಫಲಿತಾಂಶ ಇರುವ ಪ್ರಬಂಧ ಕೋಲ್ಕತ್ತದಿಂದ ಪ್ರಕಟವಾದದ್ದು 1945ರಲ್ಲಿ. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ಆಗಸ್ಟಿನಲ್ಲಿ ತೀರಿಕೊಂಡರು. ಹಡಗಲಿ ಅನ್ನುವ ಒಂದು ಪದ ನಮ್ಮ ಪಾಠದಲ್ಲಿ ಬಂದಿದ್ದರೆ, ಹಿಂದಿನ ಬೆಂಚಿನ ಒಬ್ಬನಾದರೂ ಬೆನ್ನು ನೇರ ಮಾಡಿ ಕೂರುತ್ತಿದ್ದ. ನನಗಂತೂ ಆ ಭರವಸೆ ಇದೆ.

ಮೊದಲ ಸೆಮಿಸ್ಟರ್ ತೆಗೆದುಕೊಳ್ಳುವ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಒಂದೇ. ಮೊದಲ ಎರಡು ವಾರ ಸೂತ್ರ ಬೇಡ. ಮಕ್ಕಳೇ ಏನಾದರೂ ಅಳೆದು ತರಲಿ. ಎಪಿಎಂಸಿಗೆ ಕಳಿಸಿ. ಖರೀದಿದಾರ ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ತೇವಾಂಶ ನೋಡುತ್ತಾನಲ್ಲ, ಅದು ಸ್ಯಾಂಪ್ಲಿಂಗ್. ಮೇಲಿನ ಮೂಟೆಗೆ ಮಾತ್ರ ಚುಚ್ಚಿದರೆ ಏನಾಗುತ್ತದೆ ಅಂತ ಅಲ್ಲೇ ನಿಂತು ಮಾತಾಡಲಿ, ಕನ್ನಡದಲ್ಲೇ ಮಾತಾಡಲಿ. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಲಿ, ತೊಂದರೆ ಇಲ್ಲ. ಅರ್ಥ ಆದದ್ದನ್ನು ಇಂಗ್ಲಿಷಿಗೆ ತರುವುದು ಕಷ್ಟವಲ್ಲ. ಅರ್ಥ ಆಗದ್ದನ್ನು ಬಾಯಿಪಾಠ ಮಾಡುವುದೇ ಕಷ್ಟ.

ಇನ್ನು ಆ ಹುಡುಗಿಯ ಪ್ರಶ್ನೆ. ಬೋರ್ ಪಕ್ಕದ ಹೊಲದ ಐದು ತೂಕದಿಂದ ಸರಾಸರಿ 151 ಕಳೆಯಲು ಹೇಳಿದೆ. ಕಡಿಮೆ 2, ಕಡಿಮೆ 9, ಹೆಚ್ಚು 5, ಕಡಿಮೆ 4. ನಾಲ್ಕು ಬರೆದ ಕೂಡಲೇ ಐದನೇ ತೂಕದ ಮೇಲೆ ಕೈ ಇಟ್ಟು ಮುಚ್ಚಿದೆ. ಇದರ ವ್ಯತ್ಯಾಸ ಎಷ್ಟಿರುತ್ತದೆ ಹೇಳು ಅಂದೆ. ಬೆರಳು ಮಡಚಿ ಎಣಿಸಿದಳು. ಸರಾಸರಿಯಿಂದ ಮೇಲಿರುವುದೂ ಕೆಳಗಿರುವುದೂ ಸೇರಿ ಸೊನ್ನೆ ಆಗಲೇಬೇಕು ಅಲ್ವಾ? ನಾಲ್ಕನ್ನೂ ಕೂಡಿದರೆ ಕಡಿಮೆ 10. "ಹಾಗಾದ್ರೆ ಹೆಚ್ಚು 10" ಅಂದಳು. ಕೈ ತೆಗೆದೆ. 161. ಸರಿಯಾಗಿ ಹತ್ತು ಹೆಚ್ಚು.

ಐದನೆಯದಕ್ಕೆ ಸ್ವಾತಂತ್ರ್ಯವೇ ಇಲ್ಲ, ಉಳಿದ ನಾಲ್ಕು ಹೇಳಿದ ಹಾಗೆ ಅದು ಕೇಳಬೇಕು, ಅದಕ್ಕೇ ಡಿಗ್ರೀಸ್ ಆಫ್ ಫ್ರೀಡಂ ನಾಲ್ಕು ಅಂದೆ. ಹೊಲದ ನಿಜವಾದ ಸರಾಸರಿ ನಮಗೆ ಗೊತ್ತಿಲ್ಲ. ಈ ಐದು ತೆನೆಯ ಸರಾಸರಿಯನ್ನೇ ಅದರ ಜಾಗದಲ್ಲಿ ಇಟ್ಟಿದ್ದೇವೆ. ಅದು ಈ ಐದಕ್ಕೇ ಹತ್ತಿರ ಕೂತಿರುತ್ತದೆ, ಹಾಗಾಗಿ ವ್ಯತ್ಯಾಸದ ವರ್ಗಗಳೂ ಇರಬೇಕಾದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿ ಬರುತ್ತವೆ. ನಾಲ್ಕರಿಂದ ಭಾಗಿಸಿದರೆ ಆ ಕೊರತೆ ತುಂಬುತ್ತದೆ.

ಅವಳು ಗುಡ್ಡದ ಹೊಲದ ಸಾಲನ್ನು ತಾನೇ ಬರೆದುಕೊಂಡು, ಕೊನೆಯ ತೂಕವನ್ನು ಕೈಯಿಂದ ಮುಚ್ಚಿ, ನಮ್ಮ ಮಗನನ್ನು ಕರೆದಳು. ಅವನು ಎಂಟನೇ ಕ್ಲಾಸು. ಹೆಚ್ಚು 33, ಕಡಿಮೆ 58, ಸೊನ್ನೆ, ಹೆಚ್ಚು 57 ಅಂತ ತೋರಿಸಿದಳು. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು "ಕಡಿಮೆ 32" ಅಂದ. ಅವಳು ಕೈ ತೆಗೆದು ತೋರಿಸಿದಳು. 118.

ಈ ಸೆಮಿಸ್ಟರಿನಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡ ದಾವಣಗೆರೆಯ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ತಕ್ಕಡಿ ನಮ್ಮಲ್ಲಿದೆ. ತೆನೆ, ಶೇಂಗಾ, ಅಡಿಕೆ, ಏನು ಸಿಗುತ್ತದೋ ತನ್ನಿ.