ಗಿಳಿಗೊಂದು ಭತ್ತದ ಕಾಳು

"ಮಾವ, ಇದು ತಾನೇ ಕಲಿಯುತ್ತೆ" ಅಂದ ನನ್ನ ತಂಗಿಯ ಮಗ. ಭಾನುವಾರ ಬೆಳಿಗ್ಗೆ, ದೋಸೆ ತಟ್ಟೆ ಆಚೆ ತಳ್ಳಿ ಲ್ಯಾಪ್‌ಟಾಪ್ ತೆರೆದಿದ್ದ. ಷೇರುಪೇಟೆ ಬಾಟ್, ಅಂದರೆ ತಾನೇ ಷೇರು ಕೊಂಡು ಮಾರುವ ಸಾಫ್ಟ್‌ವೇರ್. ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಅಂತೆ. ಲಾಭ ಮಾಡಿದರೆ ಬಹುಮಾನ, ನಷ್ಟ ಮಾಡಿದರೆ ದಂಡ. ಲಕ್ಷ ಸಲ ಬಿದ್ದು ಎದ್ದು ಪಕ್ಕಾ ಆಗಿದೆಯಂತೆ. ಬಾಡಿಗೆ ತಿಂಗಳಿಗೆ ಆರು ಸಾವಿರ.

ಈ ವಿದ್ಯೆ ನನಗೆ ಹೊಸದಲ್ಲ. ನಮ್ಮೂರ ಸಂತೆಗೆ ಗಿಳಿಶಾಸ್ತ್ರದವನು ಬರುತ್ತಿದ್ದ. ಪಂಜರದ ಬಾಗಿಲು ತೆಗೆದರೆ ಗಿಳಿ ಕುಪ್ಪಳಿಸಿ ಬಂದು, ಕಾರ್ಡುಗಳನ್ನು ಕೊಕ್ಕಿನಲ್ಲಿ ಎಳೆದೆಳೆದು ಬಿಸಾಕಿ, ಒಂದನ್ನು ಎತ್ತಿ ಕೊಡುತ್ತಿತ್ತು. ಕೂಡಲೇ ಅದಕ್ಕೊಂದು ಭತ್ತದ ಕಾಳು. ತಾನಾಗಿಯೇ ವಾಪಸ್ ಪಂಜರಕ್ಕೆ. ನಮ್ಮಜ್ಜನಿಗೆ ವರ್ಷಾ ವರ್ಷಾ ಲಕ್ಷ್ಮಿಯ ಕಾರ್ಡೇ ಬರುತ್ತಿತ್ತು. ತೋಟದ ಅಡಿಕೆಗೆ ಮಾತ್ರ ವರ್ಷಾ ವರ್ಷಾ ಕೊಳೆರೋಗ. ಅಜ್ಜ ಗಿಳಿಯನ್ನು ಒಂದು ದಿನವೂ ಬೈಯಲಿಲ್ಲ. ಕಾಳು ಸಿಗುತ್ತಿದ್ದದ್ದು ಕಾರ್ಡ್ ಎತ್ತಿದ್ದಕ್ಕೆ, ಅಡಿಕೆ ಉಳಿಸಿದ್ದಕ್ಕಲ್ಲ ಅಲ್ವಾ?

ಹುಡುಗ ಗ್ರಾಫ್ ತೋರಿಸಿದ. ಬ್ಯಾಕ್‌ಟೆಸ್ಟ್, ಅಂದರೆ ಹಳೇ ದಿನಗಳ ಬೆಲೆ ಕೊಟ್ಟು ಬಾಟನ್ನು ಪರೀಕ್ಷಿಸಿದ ಲೆಕ್ಕ. 2020ರ ಏಪ್ರಿಲ್‌ನಿಂದ ಶುರು, ನಂದಿಬೆಟ್ಟದ ಹಾಗೆ ಏರು. ಮಾರ್ಚ್‌ನಲ್ಲಿ ಮಕಾಡೆ ಬಿದ್ದಿದ್ದ ಮಾರ್ಕೆಟ್ ಮೇಲೇಳುತ್ತಿದ್ದ ದಿನಗಳವು. ನಮ್ಮನೆ ಎಮ್ಮೆ ಷೇರು ಕೊಂಡಿದ್ದರೂ ಲಾಭ ಮಾಡುತ್ತಿತ್ತು. ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ, ಅದೇ ಪತ್ರಿಕೆಯಲ್ಲಿ ನೂರಕ್ಕೆ ನೂರು ತೆಗೆದವನಿಗೆ ಶಹಭಾಸ್ ಅನ್ನಲೇಬೇಕು.

"2016ರಲ್ಲಿ ಆಲ್ಫಾಗೋ ಲೀ ಸೆಡಾಲ್‌ನನ್ನೇ ಸೋಲಿಸ್ತು, ಗೊತ್ತಾ?" ಗೊತ್ತಪ್ಪ, ಗೋ ಅನ್ನುವ ಹಲಗೆಯಾಟದಲ್ಲಿ ಆ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ಚಾಂಪಿಯನ್‌ನನ್ನು ಸೋಲಿಸಿತ್ತು, 4-1. ಆದರೆ ಗೋ ಆಟದಲ್ಲಿ ಕಾಯಿ ಇಟ್ಟಾಗಲೆಲ್ಲ ಬ್ರೋಕರೇಜ್ ಕಟ್ಟಬೇಕಾಗಿಲ್ಲ. ಆಟದ ಮಧ್ಯೆ ಹಲಗೆಯೇ ಬದಲಾಗುವುದಿಲ್ಲ.

ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲೇ ಲೆಕ್ಕ ಕೊಟ್ಟಿದೆ. ಮೂರು ವರ್ಷದಲ್ಲಿ ಎಫ್ ಅಂಡ್ ಓ (ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ಪಣ ಕಟ್ಟುವ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ) ಆಡಿದ ಜನಸಾಮಾನ್ಯರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ. ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಯಂತ್ರ ಗೆಲ್ಲುವುದಿಲ್ಲ ಅಂತಲ್ಲ, ಧಾರಾಳವಾಗಿ ಗೆಲ್ಲುತ್ತದೆ. 2023-24ರಲ್ಲಿ ಸ್ವಂತ ದುಡ್ಡಿನಲ್ಲಿ ಟ್ರೇಡ್ ಮಾಡುವ ದೊಡ್ಡ ಸಂಸ್ಥೆಗಳು ಗಳಿಸಿದ 33,000 ಕೋಟಿಯಲ್ಲಿ ಶೇಕಡಾ 96 ಆಲ್ಗೋದಿಂದಲೇ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಮಾಡಿದ ವಹಿವಾಟಿನಿಂದಲೇ ಬಂದದ್ದು. ಅದು ಅವರ ಗಿಳಿ. ನಿಮಗೆ ಬಾಡಿಗೆಗೆ ಕೊಡುವುದಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಸತತ ಎರಡು ವರ್ಷ ಕಳೆದುಕೊಂಡವರಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ಮಂದಿ ಮತ್ತೆ ಆಡಿದರು. ದಂಡ ಬಿದ್ದರೆ ಯಂತ್ರ ಕಲಿಯುತ್ತದಂತೆ!

ನಗುವುದೂ ಸಾಕಾಗಿದೆ. ದಿನಾ ಒಬ್ಬ ಟೈ ಕಟ್ಟಿಕೊಂಡು ಮೊಬೈಲಿನಲ್ಲಿ ಪ್ರತ್ಯಕ್ಷ. ಅಷ್ಟು ದುಡ್ಡು ಮಾಡುವ ಯಂತ್ರವಿದ್ದರೆ ಆರು ಸಾವಿರಕ್ಕೆ ನಮ್ಮ ಹುಡುಗರ ಬೆನ್ನು ಯಾಕೆ ಬೀಳುತ್ತೀರಿ? ಬಹುಮಾನ ನಿಮಗೆ, ದಂಡ ನಮಗೆ. ನಾಚಿಕೆ ಆಗಬೇಕು.

ಮೊನ್ನೆ ಹುಡುಗ ಫೋನ್ ಮಾಡಿದ್ದ. ಎರಡು ತಿಂಗಳಲ್ಲಿ ಎಂಬತ್ತು ಸಾವಿರ ಹೋಯಿತಂತೆ.

"ಹಳೇ ವರ್ಷನ್ ಸರಿ ಇರಲಿಲ್ಲ ಮಾವ. ಹೊಸದಕ್ಕೆ ಒಂಬತ್ತು ಸಾವಿರ. ಸ್ವಲ್ಪ ಅಡ್ಜಸ್ಟ್ ಮಾಡ್ತೀರಾ?"