ಕಾರಿನೊಂದಿಗೆ ನಾವು

ಕಳೆದ ನಾಲ್ಕು ರಾತ್ರಿಗಳಿಂದ ನಾನು ಒಬ್ಬ ಮಹನೀಯರ ಹೊಟ್ಟೆಯನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದೇನೆ. ಹಳೆಯ ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದದಡಿ ಸಿಕ್ಕಿದ ಫೋಟೋ ಅದು. ಅದರಲ್ಲಿ ಒಂದು ಕಾರಿದೆ, ಕಾರಿನ ಒಳಗೂ ಹೊರಗೂ ಸೇರಿ ಏಳು ಜನರಿದ್ದಾರೆ, ಮತ್ತು ಕಾರಿನ ಮೂತಿಗೆ ಸರಿಯಾಗಿ, ಯಾರೋ ಅಳತೆಪಟ್ಟಿ ಇಟ್ಟು ನಿಲ್ಲಿಸಿದ ಹಾಗೆ, ಈ ಮಹನೀಯರು ನಿಂತಿದ್ದಾರೆ. ಫೋಟೋದ ಹಿಂಬದಿಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ‘ಕಾರಿನೊಂದಿಗೆ ನಾವು’ ಎಂದು ಬರೆದಿದೆ. ಕಾರು ಯಾವುದು, ನಾವು ಯಾರು, ಇಸವಿ ಯಾವುದು ಎಂಬ ಸುಳಿವೇ ಇಲ್ಲ. ಇಷ್ಟು ಚೆಂದದ ಕೈಬರಹವಿದ್ದವರು ಇನ್ನೊಂದು ಸಾಲು ಬರೆದಿದ್ದರೆ ಶಾಯಿಯೇನೂ ಬತ್ತಿಹೋಗುತ್ತಿರಲಿಲ್ಲ.

ಆ ಕಾಲದ ಕಾರುಗಳನ್ನು ಗುರುತಿಸುವುದು ಮುಖ ನೋಡಿಯೇ, ಮತ್ತು ಕಾರಿಗೆ ಮುಖವೆಂದರೆ ರೇಡಿಯೇಟರ್. ಗ್ರೀಕ್ ದೇವಾಲಯದ ಮುಂಭಾಗದಂತೆ ಕಂಡರೆ ರೋಲ್ಸ್ ರಾಯ್ಸ್. ಮುಂದೆ ರೇಡಿಯೇಟರೇ ಇಲ್ಲದೆ ಬಾನೆಟ್ ಇಳಿಜಾರಾಗಿದ್ದರೆ ರೆನೋ, ಏಕೆಂದರೆ ಅವರು ಅದನ್ನು ಎಂಜಿನ್ನಿನ ಹಿಂದೆ ಕೂರಿಸುತ್ತಿದ್ದರು. ಹಿತ್ತಾಳೆಯ ಚೌಕಟ್ಟು ಥಳಥಳಿಸುತ್ತಿದ್ದರೆ 1916ರವರೆಗಿನ ಫೋರ್ಡ್ ಮಾಡೆಲ್ ಟಿ ಇರಬಹುದು, ಅದರ ನಂತರ ಫೋರ್ಡಿನವರು ಅದಕ್ಕೂ ಕಪ್ಪು ಬಳಿದುಬಿಟ್ಟರು. ಹೀಗೆ ಒಂದೇ ನೋಟಕ್ಕೆ ಬಗೆಹರಿಯಬೇಕಾದ ಸಂಗತಿಯನ್ನು ಒಂದೇ ಒಂದು ಕೋಟು ಮುಚ್ಚಿ ನಿಂತಿದೆ.

ಆ ಮಹನೀಯರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅವರಿಗೆ ನಿಲ್ಲಲು ಜಾಗವಿರಲಿಲ್ಲವೆಂದಲ್ಲ. ಅವರ ಎಡಕ್ಕೆ ಇಬ್ಬರು ಆರಾಮವಾಗಿ ನಿಲ್ಲುವಷ್ಟು ಬಯಲಿದೆ, ಬಲಕ್ಕೆ ಒಂದು ಖಾಲಿ ಕುರ್ಚಿಯೇ ಇದೆ. ಅವೆರಡನ್ನೂ ನಿರಾಕರಿಸಿ ಅವರು ರೇಡಿಯೇಟರನ್ನೇ ಆರಿಸಿಕೊಂಡಿದ್ದಾರೆ. ಅದರ ಮೇಲೆ ತಯಾರಕರ ಹೆಸರಿನ ಬಿಲ್ಲೆ ಇದ್ದಿರಬಹುದಾದ ಜಾಗದಲ್ಲಿ ಅವರ ಹೆಗಲಿದೆ. ಉಳಿದದ್ದಕ್ಕೆ ಹೊಟ್ಟೆ ಸಾಕಾಗಿದೆ. ಸಾಲದೆಂಬಂತೆ ಬಲಗೈಯನ್ನು ಒಂದು ದೀಪದ ಮೇಲೆ, ಅದೇನೋ ತಾವೇ ಸಾಕಿದ ಕರುವಿನ ತಲೆಯೆಂಬಂತೆ, ಇಟ್ಟುಕೊಂಡಿದ್ದಾರೆ. ಅದು ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ, ಹೊಮ್ಮುವ ಅಸಿಟಿಲಿನ್ ಅನಿಲಕ್ಕೆ ಕಡ್ಡಿ ಗೀರಿ ಉರಿಸುವ ದೀಪ. ಅಂಥದ್ದನ್ನೂ ಯಾರು ತಯಾರಿಸಿದರೆಂದು ಕೆತ್ತಿರುತ್ತಾರೆ, ಆದರೆ ಆ ಕೆತ್ತನೆಯ ಮೇಲೆ ಅವರ ಅಂಗೈ ಇದೆ. ಮೊದಲ ರಾತ್ರಿ ನನಗೆ ಅವರ ಮೇಲೆ ಬೇಸರವಾಯಿತು, ಎರಡನೆಯ ರಾತ್ರಿ ಸಿಟ್ಟು ಬಂತು, ಮೂರನೆಯ ರಾತ್ರಿ ಕನಸಿನಲ್ಲಿ ನಾನು ‘ಸ್ವಲ್ಪ ಪಕ್ಕಕ್ಕೆ ಸರಿಯಿರಿ’ ಎಂದು ಬೇಡಿಕೊಂಡೆ. ಅವರು ಸರಿಯಲಿಲ್ಲ.

ಬೇರೆ ದಾರಿಯಿಲ್ಲದೆ ಫೋಟೋವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದು ನಾನು ಮಾಡಿದ ದೊಡ್ಡ ತಪ್ಪು. ಅರ್ಧ ನಿಮಿಷದೊಳಗೆ ದೊಡ್ಡಪ್ಪನವರಿಂದ ‘ಫೋರ್ಡ್’ ಎಂಬ ಉತ್ತರ ಬಂತು. ದೊಡ್ಡಪ್ಪನವರಿಗೆ ಹಳೆಯ ಕಾರುಗಳೆಲ್ಲ ಫೋರ್ಡೇ. 1908ರಿಂದ 1927ರವರೆಗೆ ಮಾಡೆಲ್ ಟಿ ಗಾಡಿಗಳು ಸುಮಾರು ಒಂದೂವರೆ ಕೋಟಿ ತಯಾರಾದದ್ದರಿಂದ, ಕಣ್ಣು ಮುಚ್ಚಿ ಫೋರ್ಡ್ ಎನ್ನುವವನು ಕಣ್ಣು ತೆರೆದು ಕೂತವನಿಗಿಂತ ಹೆಚ್ಚು ಸಲ ಗೆಲ್ಲುತ್ತಾನೆ ಎಂಬುದೇ ನನ್ನ ಹೊಟ್ಟೆಯುರಿಗೆ ಕಾರಣ. ಕಾರು ಕಪ್ಪಗಿರುವುದೇ ಸಾಕ್ಷಿ ಎಂದು ಅವರು ಮುಂದುವರಿಸಿದರು. 1914ರಿಂದ 1925ರವರೆಗೆ ಫೋರ್ಡ್ ಆ ಮಾದರಿಯನ್ನು ಕಪ್ಪು ಬಣ್ಣದಲ್ಲಿ ಮಾತ್ರ ಮಾರಿದ್ದು ನಿಜ. ಆದರೆ ಅಂದಿನ ಸಾಮಾನ್ಯ ಫೋಟೋ ಗಾಜಿಗೆ ಕೆಂಪು ಬಣ್ಣವೇ ಕಾಣುತ್ತಿರಲಿಲ್ಲ, ಕಡುಗೆಂಪು ಕಾರೂ ಚಿತ್ರದಲ್ಲಿ ಇದ್ದಿಲಿನ ಹಾಗೆ ಬರುತ್ತಿತ್ತು ಎಂದು ನಾನು ಎರಡು ಪುಟದಷ್ಟು ವಿವರಿಸಿ ಬರೆದೆ. ಅದಕ್ಕೆ ಅವರು ಹೆಬ್ಬೆರಳಿನ ಚಿತ್ರವೊಂದನ್ನು ಕಳುಹಿಸಿದರು. ಒಪ್ಪಿದರೋ, ಸಾಕು ಮಾಡೆಂದರೋ ತಿಳಿಯಲಿಲ್ಲ.

ಚಕ್ರಗಳ ಮರದ ಅರಗಳನ್ನು ಎಣಿಸಿದೆ, ಹನ್ನೆರಡಿದ್ದವು. ಫೋರ್ಡಿಗೂ ಹನ್ನೆರಡು, ಹಾಗಾಗಿ ಆ ಲೆಕ್ಕವನ್ನು ಗುಂಪಿನಲ್ಲಿ ಹೇಳಲಿಲ್ಲ. ಚಕ್ರದ ನಡುವಿನ ಮುಚ್ಚಳದಲ್ಲಿ ಷಟ್ಕೋನವಿದ್ದರೆ ಪ್ಯಾಕರ್ಡ್ ಎಂದು ಓದಿ ಹುಡುಕಿದೆ, ಅಲ್ಲಿ ಕೆಸರಿತ್ತು. ಪಕ್ಕದಲ್ಲಿ ಕಟ್ಟಿದ್ದ ಸ್ಟೆಪ್ನಿಯನ್ನು ನೋಡಿ, ಆ ಪದ ಎಲ್ಲಿಂದ ಬಂತೆಂದು ಹುಡುಕಹೋಗಿ, 1904ರಲ್ಲಿ ವೇಲ್ಸ್ ನಾಡಿನ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಬದಲಿ ಚಕ್ರದ ಕಂಪನಿ ಹುಟ್ಟಿದ ಕಥೆಯಲ್ಲಿ ಒಂದು ಇಡೀ ರಾತ್ರಿಯನ್ನು ಕಳೆದೆ. ಕಾರಿನ ಹೆಸರು ಮಾತ್ರ ಸಿಗಲಿಲ್ಲ.

ಕೊನೆಗೆ ಸ್ಟೀರಿಂಗ್ ಕೈ ಹಿಡಿಯಿತು. ಅದು ಎಡಗಡೆಗಿತ್ತು. ಆರಂಭದ ಕಾಲದಲ್ಲಿ ಅಮೆರಿಕದವರೂ ಅದನ್ನು ಹೆಚ್ಚಾಗಿ ಬಲಕ್ಕೇ ಇಡುತ್ತಿದ್ದರು, ಮಾಡೆಲ್ ಟಿ ಬಂದ ಮೇಲೆಯೇ ಎಡದ ರೂಢಿ ಹಬ್ಬಿದ್ದು. ಆದ್ದರಿಂದ ಇದು 1908ರ ಈಚಿನ, ಬಹುಮಟ್ಟಿಗೆ ಅಮೆರಿಕದ ಗಾಡಿ ಎಂದು ಗುಂಪಿನಲ್ಲಿ ಗಂಭೀರವಾಗಿ ಘೋಷಿಸಿದೆ. ಇಪ್ಪತ್ತಕ್ಕೂ ಹೆಚ್ಚು ಮಂದಿ ಕಾರಿನ ಬಗ್ಗೆ ವಾದಿಸುತ್ತಿದ್ದಾಗ, ತಂಗಿಯ ಮಗಳೊಬ್ಬಳು ‘ಮಾವ, ಸ್ಟೀರಿಂಗ್ ಹಿಡಿದು ಕೂತಿರೋ ಆ ಹುಡುಗ ಯಾರು?’ ಎಂದು ಕೇಳಿದಳು. ಆ ದಿನ ಗುಂಪಿನಲ್ಲಿ ಮತ್ತೆ ಯಾರೂ ಏನೂ ಬರೆಯಲಿಲ್ಲ. ಹುಡುಗನಿಗೆ ಎಂಟು ವರ್ಷವಿರಬಹುದು. ಕ್ಯಾಮೆರಾ ಮುಗಿಸುವವರೆಗೆ ಅಲುಗಾಡಬಾರದೆಂದು ಯಾರೋ ಹೆದರಿಸಿದ್ದಂತೆ ಉಸಿರು ಬಿಗಿಹಿಡಿದಿದ್ದಾನೆ. ‘ನಾವು’ ಎಂದು ಬರೆದವರಿಗೆ ಅವನ ಹೆಸರನ್ನೂ ಬರೆದಿಡಬೇಕಾದೀತೆಂದು ತೋಚಿರಲಿಕ್ಕಿಲ್ಲ. ಮನೆಯ ಮಗುವಿನ ಹೆಸರನ್ನು ಯಾರು ತಾನೇ ಮರೆಯುತ್ತಾರೆ?

ನಿನ್ನೆ ರಾತ್ರಿ ಫೋಟೋವನ್ನು ಎತ್ತಿಡುವ ಮೊದಲು, ಕೊನೆಯ ಬಾರಿಗೆಂದು, ಮಹನೀಯರ ಕಡೆ ನೋಡಿದೆ. ಅವರ ಕೋಟಿನ ಎದೆಯ ಜೇಬು ಬಲಗಡೆಗಿತ್ತು. ಗುಂಡಿಗಳೂ ಹೆಂಗಸರ ಕೋಟಿನಂತೆ ತಿರುಗುಮುರುಗಾಗಿದ್ದವು. ಹೊಟ್ಟೆಯನ್ನು ನಾಲ್ಕು ರಾತ್ರಿ ನೋಡಿದವನು ಅದರ ಮೇಲಿನ ಗುಂಡಿಗಳನ್ನು ನೋಡಿರಲಿಲ್ಲ. ನೆಗೆಟಿವ್ ಗಾಜನ್ನು ಮಗುಚಿಟ್ಟು ಮುದ್ರಿಸಿದ್ದಾರೆ. ಅಂದರೆ ಚಿತ್ರವೇ ಕನ್ನಡಿಯ ಬಿಂಬ, ಸ್ಟೀರಿಂಗ್ ಇರುವುದು ಬಲಕ್ಕೆ, ದೀಪದ ಮೇಲಿರುವುದು ಎಡಗೈ, ನನ್ನ ಘೋಷಣೆ ನೀರಿನಲ್ಲಿ ಮಾಡಿದ ಹೋಮ. ಇಷ್ಟು ದಿನ ನಾನು ಶಪಿಸಿದ ಆ ಕೋಟೇ ಇಡೀ ಚಿತ್ರದಲ್ಲಿ ನಿಜ ಹೇಳಿದ ಏಕೈಕ ಸಾಕ್ಷಿ.

ತಪ್ಪೊಪ್ಪಿಕೊಳ್ಳಲೆಂದು ಬೆಳಿಗ್ಗೆ ದೊಡ್ಡಪ್ಪನವರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, ‘ಮಗುಚಿ ಹಾಕಿದರೂ ಫೋರ್ಡೇ ಕಣೋ’ ಎಂದರು. ರಸ್ತೆಯ ಎಡಬದಿಯಲ್ಲಿ ಓಡಿಸುವ ದೇಶಗಳಿಗೆಂದು ಫೋರ್ಡಿನವರು ಬಲಗಡೆ ಸ್ಟೀರಿಂಗಿನ ಗಾಡಿಗಳನ್ನೂ ತಯಾರಿಸುತ್ತಿದ್ದರು. ಅದನ್ನು ನಾನು ಅವರಿಗೆ ಹೇಳಲಿಲ್ಲ.