ಒಂದು ಪ್ರತೆರಿಗೆಣದ ಸುತ್ತ

ಲೆಕ್ಕಪರಿಶೋಧಕರು, ವಕೀಲರು, ಸಲಹೆಗಾರರು ಒಂದೇ ಸೂರಿನಡಿ ಕೂತು ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ಸಂಸ್ಥೆ ನಮ್ಮದು. ಅದರ ಬ್ಲಾಗಿಗೆ ಬರುವ ಬರಹಗಳನ್ನು ಪ್ರಕಟಣೆಗೆ ಮೊದಲು ತಿದ್ದಿಕೊಡುವುದು ನನ್ನ ಪಾಲಿನ ಕೆಲಸ. ನನ್ನ ಗಂಟೆಯನ್ನು ಯಾವ ಗ್ರಾಹಕರ ಲೆಕ್ಕಕ್ಕೂ ಬರೆಯಲಾಗದು. ಹಾಗಾಗಿ ಇಡೀ ಕಚೇರಿಯಲ್ಲಿ ಯಾರು ಯಾವಾಗ ಬೇಕಾದರೂ ಕರೆದು ನಿಲ್ಲಿಸಿಕೊಳ್ಳಬಹುದಾದ ಆಸಾಮಿ ನಾನೊಬ್ಬನೇ.

ಸೇರುವಾಗ ಕಾಗುಣಿತ ನೋಡಬೇಕು, ಉದ್ದದ ವಾಕ್ಯ ಕಂಡರೆ ಮುರಿಯಬೇಕು ಅಂದುಕೊಂಡಿದ್ದೆ. ಅದಕ್ಕೆಲ್ಲ ಅರ್ಧ ದಿನ ಸಾಕು. ಉಳಿದ ವಾರವೆಲ್ಲ ಯಾರಿಗೆ ಯಾವುದರ ಭಯ ಅಂತ ಪತ್ತೆ ಹಚ್ಚುವುದಕ್ಕೇ ಹೋಗುತ್ತದೆ. ಒಂದು ಕರಡಿನಲ್ಲಿ 'ಲೆಕ್ಕಪತ್ರ ಗಡುವಿನೊಳಗೆ ಸಲ್ಲಿಸದಿದ್ದರೆ ದಂಡ ಬೀಳುತ್ತದೆ' ಎಂದಿತ್ತು. ಎಷ್ಟು ಚೆಂದದ ವಾಕ್ಯ! ಕಾನೂನು ವಿಭಾಗಕ್ಕೆ ಹೋದದ್ದೇ 'ಬೀಳುತ್ತದೆ' ಹೋಗಿ 'ಬೀಳಬಹುದು' ಆಯಿತು. ಮುಂದಿನ ಮೇಜಿನಲ್ಲಿ 'ಕೆಲವು ಸಂದರ್ಭಗಳಲ್ಲಿ' ಸೇರಿಕೊಂಡಿತು. ಪಾರ್ಟ್ನರ್ ಕೋಣೆಯಿಂದ ಹೊರಬಂದಾಗ ಅದರ ಅವತಾರ ಹೀಗಿತ್ತು: 'ಅನ್ವಯವಾಗುವ ನಿಯಮಗಳಿಗೆ ಒಳಪಟ್ಟು, ಕೆಲವು ಸಂದರ್ಭಗಳಲ್ಲಿ, ಗಡುವಿನೊಳಗೆ ಸಲ್ಲಿಸದಿರುವಿಕೆಯು ದಂಡಕ್ಕೆ ಎಡೆಮಾಡಿಕೊಡುವ ಸಾಧ್ಯತೆಯನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದು.' ಇದನ್ನು ಓದಿದ ಗ್ರಾಹಕ ಹೆದರುವುದಿರಲಿ, ಯಾರೋ ಬೆನ್ನು ತಟ್ಟಿ ಧೈರ್ಯ ಹೇಳಿದರು ಅಂತ ನೆಮ್ಮದಿಯಾಗಿ ಮಲಗುತ್ತಾನೆ.

ಇದೆಲ್ಲ ನಡೆಯುವುದು, ಯಾರು ಏನು ತಿದ್ದಿದರು ಅಂತ ಗುರುತು ಹಾಕಿ ತೋರಿಸುವ ಟ್ರ್ಯಾಕ್ ಚೇಂಜಸ್ ಎಂಬ ರಣರಂಗದಲ್ಲಿ. ಒಬ್ಬೊಬ್ಬರದು ಒಂದೊಂದು ಬಣ್ಣ. ಕೆಂಪಿನವರು ಹೊಡೆದು ಹಾಕಿದ 'ಆದಾಗ್ಯೂ'ವನ್ನು ನೀಲಿಯವರು ಮರುಸ್ಥಾಪಿಸುತ್ತಾರೆ, ಕೆಂಪಿನವರು ಮತ್ತೆ ಹೊಡೆಯುತ್ತಾರೆ. ಇಬ್ಬರ ಕೋಣೆಗಳಿಗೂ ನಡುವೆ ಇರುವುದು ಒಂದು ಗಾಜಿನ ಗೋಡೆ ಅಷ್ಟೇ, ಊಟಕ್ಕೂ ಒಟ್ಟಿಗೇ ಹೋಗುತ್ತಾರೆ. 'ಆದಾಗ್ಯೂ' ವಿಷಯ ಮಾತ್ರ ನನ್ನ ಮೂಲಕವೇ ಇತ್ಯರ್ಥವಾಗಬೇಕು.

ಕಾನೂನು ವಿಭಾಗದ ಮೇಡಂ ಬಳಿ ಒಂದು ಬ್ರಹ್ಮಾಸ್ತ್ರವಿದೆ. ನಾನು ಎಲ್ಲಾದರೂ ಒಂದು ಅಲ್ಪವಿರಾಮ ತೆಗೆದೆನೋ, 'ಮೇಯ್ನ್ ಕೇಸ್ ಗೊತ್ತಲ್ಲ?' ಎನ್ನುತ್ತಾರೆ. ಗೊತ್ತು, ಅವರೇ ಹೇಳಿ ಹೇಳಿ ಬಾಯಿಪಾಠವಾಗಿದೆ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಓವರ್‌ಟೈಮ್ ಸಂಬಳ ಯಾವ ಯಾವ ಕೆಲಸಕ್ಕೆ ಇಲ್ಲ ಅನ್ನುವ ಕಾನೂನಿನ ಪಟ್ಟಿಯಲ್ಲಿ, ಕೊನೆಯ 'ಅಥವಾ'ಕ್ಕೆ ಮುಂಚೆ ಒಂದು ಅಲ್ಪವಿರಾಮ ಇರಲಿಲ್ಲ. ಹಾಲಿನ ಕಂಪನಿಯೊಂದರ ಲಾರಿ ಚಾಲಕರು ಅದನ್ನೇ ಹಿಡಿದು ಜಗ್ಗಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಕಡೆ ನಿಂತಿತು, ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಶಾಸಕರು ಆ ಪಟ್ಟಿಯ ತುಂಬ ಅರ್ಧವಿರಾಮಗಳನ್ನು ಕೂರಿಸಿದ್ದರು. ಈ ಕಥೆಯಾದ ಮೇಲೆ ನಮ್ಮ ಹೊಸ ವರ್ಷದ ಶುಭಾಶಯದ ಪೋಸ್ಟಿನಲ್ಲೂ ಮೇಡಂ ಅರ್ಧವಿರಾಮ ಹಾಕಿಸುತ್ತಾರೆ. 'ಆರೋಗ್ಯ; ಸುಖ; ಶಾಂತಿ.' ಯಾರೂ ಇನ್ನು ಕೋರ್ಟಿಗೆ ಹೋಗಲಾರರು.

ಇವರಾದರೂ ಕೇಳಿ ಮಾಡುತ್ತಾರೆ. ನಿಜವಾದ ಅಪಾಯ ಬರುವುದು ಕೊನೇ ಗಳಿಗೆಯಲ್ಲಿ, 'ಒಂದೇ ಒಂದು ಸಣ್ಣ ಬದಲಾವಣೆ' ಎಂಬ ಹೆಸರಿನಲ್ಲಿ. ಹಿರಿಯ ಪಾರ್ಟ್ನರ್‌ಗೆ 'ಕರ' ಅನ್ನುವುದು ಹಳೇ ಕಾಲದ್ದು, 'ತೆರಿಗೆ' ಅಂದರೆ ಜನಕ್ಕೆ ಹತ್ತಿರ ಅನ್ನಿಸಿದೆ. ತಪ್ಪೇನಿಲ್ಲ. ತರಬೇತಿಗೆ ಬಂದಿದ್ದ ಹುಡುಗನಿಗೆ ಹೇಳಿದ್ದಾರೆ. ಹುಡುಗ ಚುರುಕು. 'ಎಲ್ಲವನ್ನೂ ಬದಲಿಸು' ಎಂಬ ಗುಂಡಿ ಒತ್ತಿ, ಸೇವ್ ಮಾಡಿ, ಮನೆಗೆ ಹೋಗಿದ್ದಾನೆ.

ಬೆಳಿಗ್ಗೆ ಪ್ರಿವ್ಯೂ ತೆರೆದರೆ ನ್ಯಾಯಾಲಯದಲ್ಲಿ ಒಂದು 'ಪ್ರತೆರಿಗೆಣ' ದಾಖಲಾಗಿತ್ತು. ಸಂಸ್ಥೆಯ 'ನೌತೆರಿಗೆರು' ಬಳಸುವ ಕಚೇರಿಯ 'ಉಪತೆರಿಗೆಣ'ಗಳ ಮೇಲೆ ಸವಕಳಿ ಹಾಕಿಕೊಳ್ಳುವುದು ಹೇಗೆ ಎಂಬ ವಿವರಣೆಯಿತ್ತು. ನಾನು ತಿದ್ದಿದ ಗುರುತಾಗಿ ಕೆಳಗೆ ಉಳಿದುಹೋಗಿದ್ದ ಟಿಪ್ಪಣಿಯಲ್ಲಿ 'ವ್ಯಾತೆರಿಗೆಣ ನೋಡಲಾಗಿದೆ' ಎಂದಿತ್ತು. 'ಹೆಚ್ಚಿನ ಮಾಹಿತಿಗೆ ಕರೆ ಮಾಡಿ' ಎಂಬಲ್ಲಂತೂ ಒಂದು ಗೆ ಅಕ್ಷರ ಎರಡು ಎತ್ವ ಹೊತ್ತು, ತಾಳಲಾರದೆ ಪಕ್ಕದಲ್ಲಿ ಚುಕ್ಕಿಗಳ ಉಂಗುರವೊಂದನ್ನು ಉದುರಿಸಿಕೊಂಡು ನಿಂತಿತ್ತು. ಹಿಂದಿನ ಪ್ರತಿ ತರಿಸಿಕೊಂಡೆ. ಆದರೆ ಹಿಂದಿನ ಪ್ರತಿ ಎಂದರೆ ನಿಯಮದ ಪ್ರಕಾರ ಹೊಸ ಪ್ರತಿ, ಹಾಗಾಗಿ ಎಲ್ಲರ ಒಪ್ಪಿಗೆಯೂ ಮತ್ತೆ ಮೊದಲಿನಿಂದ. ಕೆಂಪಿನವರು ಈ ಸದವಕಾಶದಲ್ಲಿ 'ಆದಾಗ್ಯೂ'ವನ್ನು ಇನ್ನೊಮ್ಮೆ ಹೊಡೆದು ಹಾಕಿದರು.

ಹುಡುಗನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ದೊಡ್ಡ ದೊಡ್ಡವರೇ ಬಿದ್ದ ಹಳ್ಳವದು. ಯುರೋಪಿಯನ್ ಒಕ್ಕೂಟದ, ವಿಶ್ವಸಂಸ್ಥೆಯ ದಾಖಲೆಗಳಲ್ಲಿ 'ಕೋಆಪರೇಷನ್' ಇರಬೇಕಾದ ಕಡೆ 'ಕ್ಯೂಪರ್ಟಿನೋ' ನುಸುಳಿದ್ದುಂಟು. ಹಳೆಯ ಕಾಗುಣಿತ ತಂತ್ರಾಂಶಕ್ಕೆ ನಡುಗೀಟಿಲ್ಲದ ಆ ಪದ ಗೊತ್ತಿರಲಿಲ್ಲ, ಕ್ಯಾಲಿಫೋರ್ನಿಯಾದ ಊರು ಗೊತ್ತಿತ್ತು. ದೇಶ ದೇಶಗಳ ನಡುವೆ ಕ್ಯೂಪರ್ಟಿನೋ ಬೆಳೆಯಲಿ ಅಂತ ಹಾರೈಸಿದವರ ಮುಂದೆ ನಮ್ಮ ಪ್ರತೆರಿಗೆಣ ಯಾವ ಲೆಕ್ಕ?

ಹಿರಿಯ ಪಾರ್ಟ್ನರ್ ಟೈಪ್‌ರೈಟರ್ ಕಾಲದವರು, ಪೂರ್ಣವಿರಾಮದ ನಂತರ ಎರಡು ಸ್ಪೇಸ್ ಬಿಡುತ್ತಾರೆ. 2020ರಲ್ಲಿ ಮೈಕ್ರೋಸಾಫ್ಟ್ ವರ್ಡ್ ಆ ಎರಡನೇ ಸ್ಪೇಸನ್ನು ತಪ್ಪೆಂದು ಗುರುತು ಹಾಕತೊಡಗಿತು. ಅದು ನನ್ನದೇ ಕಿತಾಪತಿ ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಶೀರ್ಷಿಕೆಗಳ ಗೋಳು ಬೇರೆಯೇ ಒಂದು ಅಧ್ಯಾಯ, ಅದು ಬೇಡ. ಒಂದನ್ನಷ್ಟೇ ಹೇಳುತ್ತೇನೆ: ಶೀರ್ಷಿಕೆಯನ್ನು ಎಷ್ಟು ಸಲ ತಿದ್ದಿದರೂ ವೆಬ್ ವಿಳಾಸ ಮೊದಲ ಸಲ ಸೇವ್ ಮಾಡಿದಾಗಿನದ್ದೇ ಉಳಿದುಬಿಡುತ್ತದೆ. ನಮ್ಮ ಅತ್ಯಂತ ಗಂಭೀರವಾದ ಬರಹವೊಂದರ ವಿಳಾಸ 'ಶೀರ್ಷಿಕೆ-ಆಮೇಲೆ-ನೋಡೋಣ' ಎಂದು ಮುಗಿಯುತ್ತದೆ.

ಈಚಿನದ್ದು ಲೋರೆಮ್ ಇಪ್ಸಮ್. ಪುಟದ ವಿನ್ಯಾಸ ಮಾಡಿದವರು ಬದಿಯ ಚೌಕದಲ್ಲಿ ಜಾಗ ತುಂಬಲು ಹಾಕಿದ ಲ್ಯಾಟಿನ್ ಸಾಲುಗಳು ಹಾಗೇ ಕೂತಿದ್ದವು. ಐದು ಮೇಜು ದಾಟಿ ಎಲ್ಲರ ಒಪ್ಪಿಗೆ ಪಡೆದೇ ನನ್ನ ಬಳಿಗೆ ಬಂದಿದ್ದವು. ಲೆಕ್ಕದವರು ಅದನ್ನು ಕಾನೂನಿನ ಸೂತ್ರ ಅಂದುಕೊಂಡಿದ್ದರು. ಕಾನೂನಿನವರು, ತಮಗೆ ಗೊತ್ತಿಲ್ಲದ ಲ್ಯಾಟಿನ್ ಇದೆ ಅಂತ ಒಪ್ಪಿಕೊಳ್ಳುವುದುಂಟೇ? ತೆಗೆಯೋಣ ಎಂದು ಹಿರಿಯ ಪಾರ್ಟ್ನರ್ ಹತ್ತಿರ ಹೋದೆ. ಇದು ಕ್ರಿ.ಪೂ. 45ರಲ್ಲಿ ಸಿಸೆರೊ ಬರೆದ ಗ್ರಂಥದ ಹರಿದ ಚೂರುಗಳು, ಅರ್ಥ ಕೇಳಬೇಡಿ ಸರ್, ಅಂದೆ.

'ಸಿಸೆರೊ ಅಂದರೆ ರೋಮಿನ ಆ ದೊಡ್ಡ ವಕೀಲ ತಾನೇ?'

'ಹೌದು ಸರ್.'

ಅವರು ಕನ್ನಡಕ ಏರಿಸಿ ಇನ್ನೊಮ್ಮೆ ಓದಿದರು. ಆಮೇಲೆ, 'ಇರಲಿ ಬಿಡಿ, ಘನತೆ ಇದೆ. ಕೆಳಗೊಂದು ಸಾಲು ಸೇರಿಸಿಬಿಡಿ, ಇವು ಲೇಖಕರ ವೈಯಕ್ತಿಕ ಅಭಿಪ್ರಾಯಗಳು, ಸಂಸ್ಥೆಯದಲ್ಲ ಅಂತ' ಎಂದರು.